ಚಿಪ್ಪಿನ ಸುಣ್ಣವೂ ರಕ್ತದ ಸುಣ್ಣವೂ

ಕುಂದಾಪುರದ ದಕ್ಷಿಣಕ್ಕೆ ಕಡಲ ಬದಿಯಲ್ಲಿರುವ ಕೋಟೇಶ್ವರವು ಧ್ವಜಪುರವೆಂಬ ಸಂಸ್ಕೃತ ನಾಮದಿಂದಲೂ, ಪರಶುರಾಮಕ್ಷೇತ್ರದ ಏಳು ಮುಕ್ತಿಸ್ಥಳಗಳಲ್ಲಿ ಒಂದೆಂಬ ಪ್ರತೀತಿಯಿಂದಲೂ, ಕೋಟಿಲಿಂಗೇಶ್ವರನ ಕೊಡಿಹಬ್ಬದಿಂದಲೂ ಪ್ರಸಿದ್ಧವಾದ ಕ್ಷೇತ್ರವಾಗಿದೆ. ಈ ಕ್ಷೇತ್ರವಿರುವ ಕರಾವಳಿಯ ನೆಲವು ಮುರಕಲ್ಲಿನದು. ಗಟ್ಟದ ಮೇಲಣ ಕೆಲವು ಸೀಮೆಗಳಂತೆ ಇಲ್ಲಿ ಸುಣ್ಣಕಲ್ಲಿನ ಗಣಿಗಳಿಲ್ಲ. ಆದುದರಿಂದ ಗೋಡೆಯ ಗಾರೆಗಾಗಲಿ ಎಲೆಯಡಿಕೆಯ ಕವಳಕ್ಕಾಗಲಿ ಬೇಕಾದ ಸುಣ್ಣವನ್ನು ಹೊಳೆಯ ಅಳಿವೆಗಳಲ್ಲಿ ದೊರೆಯುವ ಚಿಪ್ಪುಗಳಿಂದಲೇ ಪಡೆಯುವುದು ಇಲ್ಲಿನ ರೂಢಿಯಾಗಿತ್ತು. ಚಿಪ್ಪನ್ನು ಇದ್ದಲಿನೊಡನೆ ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಬೆಣ್ಣೆಯಂತೆ ನುಣ್ಣಗಾದ ಮೇಲೆ ಡಬ್ಬಿಗೆ ತುಂಬುವ ಈ ಸುಣ್ಣವು ಅತಿಥಿಸತ್ಕಾರದ ಹರಿವಾಣದಲ್ಲಿ ಎಲೆಗೂ ಅಡಕೆಗೂ ಸಮನಾದ ಸ್ಥಾನವನ್ನು ಪಡೆದಿದೆ.

ಈ ಪದಾರ್ಥವು ಒಂದೇ ಕಾಲದಲ್ಲಿ ಎರಡು ಗುಣಗಳನ್ನು ಹೊಂದಿರುವುದು. ಅದರಲ್ಲಿ ಕ್ಯಾಲ್ಸಿಯಂ ಎಂಬ ಧಾತುವಿದೆ. ಅದು ತೀಕ್ಷ್ಣವಾದ ಕ್ಷಾರವೂ ಆಗಿದೆ. ಧಾತುವು ಎಲುಬಿಗೂ ಹೃದಯಕ್ಕೂ ಅವಶ್ಯಕವಾದುದು. ಕ್ಷಾರವು ರಕ್ತದ ಆಮ್ಲ–ಕ್ಷಾರಸಮತೆಯನ್ನು ಕದಲಿಸತಕ್ಕುದು. ಹೀಗೆ ಎರಡು ಗುಣಗಳೂ ಒಂದೇ ಔಷಧದಲ್ಲಿ ಕೂಡಿರುವಾಗ ಒಂದು ಮತ್ತೊಂದರ ಫಲವನ್ನು ಹೇಗೆ ಮಾರ್ಪಡಿಸುತ್ತದೆಂಬ ಪ್ರಶ್ನೆಯನ್ನು ಬಿಡಿಸಲು ವೈದ್ಯಶಾಸ್ತ್ರಕ್ಕೆ ಇನ್ನೂರು ವರ್ಷಗಳಿಗಿಂತಲೂ ಹೆಚ್ಚು ಕಾಲ ಹಿಡಿಯಿತು. ಆ ಕಾಲದಲ್ಲಿ ಗುಣವಾದವರು ಅನೇಕರು. ಗುಣಪಡಿಸುವ ಮದ್ದಿನಿಂದಲೇ ಮೂತ್ರಪಿಂಡಗಳನ್ನು ಕಳೆದುಕೊಂಡವರೂ ಉಂಟು. ಆ ಇತಿಹಾಸದ ಮುಖ್ಯ ಘಟ್ಟಗಳನ್ನು ಇಲ್ಲಿ ಕ್ರಮವಾಗಿ ನಿರೂಪಿಸಲಾಗಿದೆ.

೧. ಪೂರ್ವದ ಅರಿವು

ಎಲೆಯಡಿಕೆಯೊಡನೆ ಸುಣ್ಣವನ್ನು ಸೇವಿಸುವ ಪದ್ಧತಿಯು ಈ ದೇಶದಲ್ಲಿ ಬಹು ಪ್ರಾಚೀನವಾದುದು. ೧೪ನೆಯ ಶತಮಾನದಲ್ಲಿ ಬಾರಕೂರಿನ ಮಾರ್ಗವಾಗಿ ಸಂಚರಿಸಿದ ಇಬನ್ ಬತೂತನು ತಾಂಬೂಲವನ್ನು ತನ್ನ ಪ್ರವಾಸಕಥನದಲ್ಲಿ ವರ್ಣಿಸಿದ್ದಾನೆ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಎಲೆಗೆ ಸುಣ್ಣ ಹಚ್ಚಿ ಅಡಕೆಯೊಡನೆ ಅಗಿಯುವ ಕ್ರಮವನ್ನು ಕುತೂಹಲದಿಂದ ಬರೆದಿಟ್ಟಿದ್ದಾನೆ. ಇವರಿಬ್ಬರಿಗೂ ಅದು ಭೋಗದ ವಸ್ತುವಾಗಿ ತೋರಿತೇ ಹೊರತು ರೋಗಕಾರಣವಾಗಿ ತೋರಲಿಲ್ಲ.

ಆಯುರ್ವೇದದಲ್ಲಾದರೋ ಸುಣ್ಣವೂ ಕ್ಷಾರವೂ ಔಷಧಗಳೆಂದೇ ಪರಿಗಣಿತವಾಗಿವೆ. ಶಂಖ, ಕವಡೆ, ಮುತ್ತಿನ ಚಿಪ್ಪು ಮುಂತಾದವುಗಳ ಭಸ್ಮಗಳನ್ನು ಆಮ್ಲಪಿತ್ತಾದಿ ಜಠರರೋಗಗಳಲ್ಲಿ ವಿಧಿಸುವುದು ಇಂದಿಗೂ ನಡೆದು ಬಂದಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೧ನೆಯ ಅಧ್ಯಾಯದಲ್ಲಿ ಸಸ್ಯಗಳ ಬೂದಿಯ ನೀರಿಗೆ ಸುಟ್ಟ ಶಂಖಾದಿಗಳನ್ನು ಬೆರಸಿ ತೀಕ್ಷ್ಣಕ್ಷಾರವನ್ನು ತಯಾರಿಸುವ ವಿಧಾನವು ಹೇಳಲ್ಪಟ್ಟಿದೆ. ಬೂದಿಯ ಸೌಮ್ಯಕ್ಷಾರವು ಸುಣ್ಣದ ಯೋಗದಿಂದ ದಾಹಕಕ್ಷಾರವಾಗುವುದೆಂಬ ರಸಾಯನತತ್ತ್ವವು ಆ ವಿಧಾನದಲ್ಲಿ ಅಡಗಿರುವುದನ್ನು ಆಚಾರ್ಯ ಪ್ರಫುಲ್ಲಚಂದ್ರ ರಾಯರು ಹಿಂದೂ ರಸಾಯನಶಾಸ್ತ್ರದ ತಮ್ಮ ಇತಿಹಾಸಗ್ರಂಥದಲ್ಲಿ ಎತ್ತಿ ತೋರಿಸಿದ್ದಾರೆ.

ಇದಕ್ಕಿಂತಲೂ ಗಮನಾರ್ಹವಾದುದು ಚರಕಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯದ ಎಚ್ಚರಿಕೆ. ಹಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಮಿತಿಮೀರಿ ಉಪಯೋಗಿಸಲಾಗದೆಂದು ಅಲ್ಲಿ ವಿಧಿಸಿದೆ. ಸತತವಾಗಿ ಕ್ಷಾರವನ್ನು ಸೇವಿಸುವ ಜನಪದಗಳವರಿಗೆ ಕುರುಡುತನ, ನಪುಂಸಕತ್ವ, ಕೂದಲುದುರುವಿಕೆ, ನರೆ, ಎದೆಯನ್ನು ಕೊಯ್ದಂತಹ ವೇದನೆ ಇವು ಉಂಟಾಗುವುವೆಂದು ಹೇಳಿ, ಪೂರ್ವದೇಶದವರನ್ನೂ ಚೀನರನ್ನೂ ಉದಾಹರಿಸಿದೆ. ಚರಕನು ಹೇಳಿದ ಕ್ಷಾರವು ಮುಖ್ಯವಾಗಿ ಸಸ್ಯಭಸ್ಮದಿಂದಾದುದು. ಅದನ್ನು ಸುಣ್ಣವೆಂದೇ ಗ್ರಹಿಸಿ, ಮುಂದೆ ವಿವರಿಸಲಾಗುವ ವ್ಯಾಧಿಯನ್ನು ಆತನು ಮೊದಲೇ ಕಂಡಿದ್ದನೆಂದು ಸಾಧಿಸಹೊರಡುವುದು ಯುಕ್ತವಲ್ಲ. ಆದರೆ ಅಲ್ಪಕಾಲದಲ್ಲಿ ಹಿತವಾದ ಕ್ಷಾರವು ದೀರ್ಘಕಾಲದಲ್ಲಿ ಅಹಿತವಾಗುವುದೆಂಬ ಅನುಭವವು ಈ ದೇಶದ ವೈದ್ಯರಿಗೆ ಇದ್ದಿತೆಂಬುದು ನಿರ್ವಿವಾದ.

೨. ಚಿಪ್ಪಿನ ಸುಣ್ಣವೂ ಜೋಸೆಫ್ ಬ್ಲ್ಯಾಕನೂ

ಯೂರೋಪಿನಲ್ಲಿ ೧೮ನೆಯ ಶತಮಾನದ ವೈದ್ಯರನ್ನು ಬಹುವಾಗಿ ಬಾಧಿಸಿದುದು ಮೂತ್ರಾಶಯದ ಕಲ್ಲು. ಜೊವಾನಾ ಸ್ಟೀಫನ್ಸ್ ಎಂಬಾಕೆಯ ಗುಪ್ತೌಷಧವೊಂದು ಆ ಕಲ್ಲನ್ನು ಕರಗಿಸುವುದೆಂಬ ಖ್ಯಾತಿ ಹರಡಲು, ಬ್ರಿಟಿಷ್ ಪಾರ್ಲಿಮೆಂಟು ೧೭೩೯ರಲ್ಲಿ ಶಾಸನ ಮಾಡಿ ೫,೦೦೦ ಪೌಂಡುಗಳಿಗೆ ಅದರ ರಹಸ್ಯವನ್ನು ಕೊಂಡಿತು. ಪ್ರಕಟವಾದ ಯೋಗದಲ್ಲಿ ಇದ್ದುದು ಸುಟ್ಟ ಮೊಟ್ಟೆಯ ಓಡು, ಸುಟ್ಟ ಬಸವನಹುಳು, ಸಾಬೂನು ಹಾಗೂ ಕೆಲವು ಗಿಡಮೂಲಿಕೆಗಳು. ಅರ್ಥಾತ್ ಸುಣ್ಣವೂ ಕ್ಷಾರವೂ ಕೂಡಿದ ಮದ್ದೇ ಅದು. ಇದರಿಂದ ಸುಣ್ಣದ ನೀರಿಗೆ ವೈದ್ಯಲೋಕದಲ್ಲಿ ಗೌರವವುಂಟಾಯಿತು.

ಎಡಿನ್‌ಬರೋದ ವಿದ್ಯಾಪೀಠದಲ್ಲಿ ಕಡಲಚಿಪ್ಪಿನ ಸುಣ್ಣ ಉತ್ತಮವೋ ಕಲ್ಲಿನ ಸುಣ್ಣ ಉತ್ತಮವೋ ಎಂಬ ವಿಷಯದಲ್ಲಿ ರಾಬರ್ಟ್ ವಿಟ್ ಮತ್ತು ಚಾರ್ಲ್ಸ್ ಆಲ್ಸ್ಟನ್ ಎಂಬ ಇಬ್ಬರು ಪ್ರಾಧ್ಯಾಪಕರಿಗೆ ವಿವಾದವಾಯಿತು. ಇಬ್ಬರು ಗುರುಗಳ ನಡುವೆ ಸಿಕ್ಕಿಕೊಳ್ಳಲೊಲ್ಲದ ವಿದ್ಯಾರ್ಥಿ ಜೋಸೆಫ್ ಬ್ಲ್ಯಾಕನು ಸುಣ್ಣವನ್ನು ಬದಿಗಿಟ್ಟು ಮೆಗ್ನೀಷಿಯವನ್ನು ಆರಿಸಿಕೊಂಡನು. ಜಠರದ ಆಮ್ಲವನ್ನೂ ಮೆಗ್ನೀಷಿಯವನ್ನೂ ಕುರಿತ ಆತನ ವೈದ್ಯಪ್ರಬಂಧವು ೧೭೫೪ರಲ್ಲಿ ಹೊರಬಿತ್ತು. ೧೭೫೬ರಲ್ಲಿ ವಿಸ್ತೃತ ಪ್ರಯೋಗಗಳು ಪ್ರಕಟವಾದುವು. ಸುಡುವಾಗ ಸುಣ್ಣಕಲ್ಲು ಒಂದು ಬಗೆಯ ವಾಯುವನ್ನು ಕಳೆದುಕೊಂಡು ತೀಕ್ಷ್ಣವಾಗುವುದು, ಆ ವಾಯುವನ್ನು ಮರಳಿ ಪಡೆದಾಗ ಸೌಮ್ಯವಾಗುವುದು ಎಂಬ ಸಿದ್ಧಾಂತವು ಇದರಿಂದ ಸ್ಥಾಪಿತವಾಯಿತು. ಇಂಗಾಲಾಮ್ಲವಾಯುವಿನ ಶೋಧವು ಹೀಗೆ ಹೊಟ್ಟೆಯುರಿಯ ಮದ್ದಿನ ಅನ್ವೇಷಣೆಯಲ್ಲಿ ದೊರೆತ ಫಲವಾಗಿದೆ. ಕರಾವಳಿಯ ಸುಣ್ಣದ ಗೂಡಿನಲ್ಲಿ ನೂರು ಪಾಲು ಶುದ್ಧ ಚಿಪ್ಪು ೫೬ ಪಾಲು ಸುಟ್ಟ ಸುಣ್ಣವಾಗಿ ಹಗುರವಾಗುವುದಕ್ಕೆ ಕಾರಣವೂ ಇದೇ.

ಆ ಬಳಿಕ ೧೮೦೮ರಲ್ಲಿ ಹಂಫ್ರಿ ಡೇವಿಯು ಕ್ಯಾಲ್ಸಿಯಂ ಧಾತುವನ್ನು ಬೇರ್ಪಡಿಸಿದನು. ೧೮೨೪ರಲ್ಲಿ ವಿಲಿಯಂ ಪ್ರೌಟನು ಜಠರರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಪ್ರಕಟಿಸಿದನು. ಮದ್ದಿನ ಸ್ವರೂಪವೂ ಆ ಮದ್ದು ಎದುರಿಸಬೇಕಾದ ಆಮ್ಲದ ಸ್ವರೂಪವೂ ತಿಳಿದಂತಾಯಿತು. ರಕ್ತದಲ್ಲಿ ಏನಾಗುವುದೆಂಬುದು ಮಾತ್ರ ತಿಳಿದಿರಲಿಲ್ಲ.

೩. ರಕ್ತದಲ್ಲಿ ಕ್ಯಾಲ್ಸಿಯಂ: ಸೆಟೆತದ ರಹಸ್ಯ

ಲಂಡನ್ನಿನ ವೈದ್ಯನಾದ ಸಿಡ್ನಿ ರಿಂಗರನು ಕಪ್ಪೆಯ ಹೃದಯವನ್ನು ಲವಣದ್ರವದಲ್ಲಿಟ್ಟು ಬಡಿತವನ್ನು ಪರೀಕ್ಷಿಸುತ್ತಿದ್ದನು. ಭಟ್ಟಿಯಿಳಿಸಿದ ಶುದ್ಧಜಲದಿಂದ ಮಾಡಿದ ದ್ರವದಲ್ಲಿ ಬಡಿತವು ಬೇಗನೆ ಕುಗ್ಗುತ್ತಿದ್ದಿತು. ಆದರೆ ಮೊದಲಿನ ಪ್ರಯೋಗಗಳಲ್ಲಿ ಹಾಗಾಗಿರಲಿಲ್ಲ. ವಿಚಾರಿಸಲು, ಮೊದಲಿನ ದ್ರವವನ್ನು ನಗರದ ನಲ್ಲಿಯ ನೀರಿನಿಂದ ತಯಾರಿಸಲಾಗಿತ್ತೆಂದು ಗೊತ್ತಾಯಿತು. ಆ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಹೃದಯವನ್ನು ನಡೆಯಿಸುತ್ತಿದ್ದಿತು. ೧೮೮೩ರಲ್ಲಿ ಪ್ರಕಟವಾದ ಈ ಶೋಧದಿಂದ ಕ್ಯಾಲ್ಸಿಯಂ ಎಲುಬಿಗೆ ಮಾತ್ರವಲ್ಲದೆ ಜೀವಕ್ರಿಯೆಗೇ ಬೇಕಾದ ದ್ರವ್ಯವೆಂಬುದು ಸಿದ್ಧವಾಯಿತು.

೧೯೦೯ರಲ್ಲಿ ಅಮೆರಿಕದ ಮ್ಯಾಕಲಮ್ ಮತ್ತು ಫೋಗ್ಟ್ಲಿನ್ ಎಂಬವರು ಉಪಗಲಗ್ರಂಥಿಗಳನ್ನು ತೆಗೆದ ಪ್ರಾಣಿಗಳಲ್ಲಿ ಉಂಟಾಗುವ ಸ್ನಾಯುಗಳ ಸೆಟೆತಕ್ಕೆ ರಕ್ತದ ಕ್ಯಾಲ್ಸಿಯಂ ಕೊರತೆಯೇ ಕಾರಣವೆಂದೂ, ಕ್ಯಾಲ್ಸಿಯಂ ಕೊಟ್ಟೊಡನೆ ಸೆಟೆತವು ಶಮನವಾಗುವುದೆಂದೂ ತೋರಿಸಿದರು. ಇಷ್ಟರಿಂದ ವಿಷಯವು ಮುಗಿಯಿತೆಂದು ಭಾವಿಸಬಹುದಾಗಿತ್ತು. ಆದರೆ ೧೯೧೯ರಲ್ಲಿ ಹ್ಯಾರಪನು ಸೋಡಾಬೈಕಾರ್ಬೊನೇಟನ್ನು ರಕ್ತನಾಳಕ್ಕೆ ಹರಿಯಿಸಿದಾಗಲೂ ಸೆಟೆತವುಂಟಾಗುವುದನ್ನು ವರದಿ ಮಾಡಿದನು. ೧೯೨೦ರಲ್ಲಿ ಗ್ರಾಂಟ್ ಮತ್ತು ಗೋಲ್ಡ್‌ಮನ್ ಎಂಬವರು ಬಲವಾಗಿ ಬೇಗಬೇಗನೆ ಉಸಿರಾಡುವುದರಿಂದಲೇ ಅದೇ ಸೆಟೆತವನ್ನು ಬರಿಸಬಹುದೆಂದು ತೋರಿಸಿದರು. ಉಸಿರಿನ ಮೂಲಕ ಇಂಗಾಲಾಮ್ಲವು ಅಧಿಕವಾಗಿ ಹೊರಟುಹೋದರೆ ರಕ್ತವು ಕ್ಷಾರದ ಕಡೆಗೆ ವಾಲುವುದು. ಎರಡು ಸಂದರ್ಭಗಳಲ್ಲಿಯೂ ಸಮಾನವಾಗಿದ್ದುದು ಈ ಕ್ಷಾರಾಧಿಕ್ಯ. ಕ್ಯಾಲ್ಸಿಯಮ್ಮಿನ ಒಟ್ಟು ಪ್ರಮಾಣವು ಕಡಮೆಯಾಗದಿದ್ದರೂ ಅದರ ಕೊರತೆಯ ಲಕ್ಷಣವು ಕಾಣಿಸಿಕೊಂಡಿತು.

ಈ ಒಗಟಿಗೆ ಉತ್ತರವು ರಕ್ತದ ಕ್ಯಾಲ್ಸಿಯಮ್ಮಿನ ವಿಭಾಗದಲ್ಲಿದೆ. ಆರೋಗ್ಯವಂತನ ನೂರು ಮಿಲಿಲೀಟರ್ ರಕ್ತದ್ರವದಲ್ಲಿ ಸುಮಾರು ೯ರಿಂದ ೧೦.೫ ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು. ಅದರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಾತ್ರ ಸ್ವತಂತ್ರವಾದ ಅಯಾನುರೂಪದಲ್ಲಿದ್ದು ನರ, ಸ್ನಾಯು, ಹೃದಯಗಳ ಮೇಲೆ ಕೆಲಸಮಾಡುತ್ತದೆ. ಶೇಕಡ ೪೦ರಷ್ಟು ಆಲ್ಬ್ಯುಮಿನ್ ಮೊದಲಾದ ಪ್ರೋಟೀನುಗಳಿಗೆ ಅಂಟಿಕೊಂಡಿರುವುದು. ಉಳಿದುದು ಸಿಟ್ರೇಟ್ ಮುಂತಾದವುಗಳೊಡನೆ ಕೂಡಿರುವುದು. ಪ್ರೋಟೀನಿನ ಮೇಲೆ ಆಮ್ಲದ ಜಲಜನಕ ಅಯಾನುಗಳೂ ಕ್ಯಾಲ್ಸಿಯಂ ಅಯಾನುಗಳೂ ಒಂದೇ ಮಣೆಗಾಗಿ ಸ್ಪರ್ಧಿಸುವ ಅತಿಥಿಗಳಂತಿವೆ. ರಕ್ತವು ಕ್ಷಾರವಾದರೆ ಜಲಜನಕವು ಎದ್ದುಹೋಗಿ ಆ ಸ್ಥಾನದಲ್ಲಿ ಕ್ಯಾಲ್ಸಿಯಂ ಕುಳಿತುಕೊಳ್ಳುವುದು, ಸ್ವತಂತ್ರಭಾಗವು ಇಳಿಯುವುದು, ಒಟ್ಟು ಮೊತ್ತವು ಹಾಗೆಯೇ ಇದ್ದರೂ ಕೈಬೆರಳುಗಳು ಸೆಟೆಯುವುವು. ರಕ್ತವು ಆಮ್ಲವಾದರೆ ಇದಕ್ಕೆ ವಿಪರೀತವಾದ ಫಲ. ೧೯೩೪–೩೫ರಲ್ಲಿ ಮೆಕ್ಲೀನ್ ಮತ್ತು ಹೇಸ್ಟಿಂಗ್ಸ್ ಎಂಬವರು ರಿಂಗರನ ಆ ಕಪ್ಪೆಯ ಹೃದಯವನ್ನೇ ಅಳತೆಗೋಲಾಗಿ ಬಳಸಿ ಸ್ವತಂತ್ರ ಕ್ಯಾಲ್ಸಿಯಮ್ಮನ್ನು ಅಳೆದರು.

೪. ಆಮ್ಲದಿಂದ ಚಿಕಿತ್ಸೆ

ಕ್ಷಾರದಿಂದ ಸೆಟೆತ ಬರುವುದಾದರೆ ಆಮ್ಲದಿಂದ ಅದು ಹೋಗಬೇಕು. ಈ ತರ್ಕವನ್ನು ಅನುಸರಿಸಿ ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಮತ್ತು ಗ್ಯೋರ್ಗಿ ಎಂಬ ಶಿಶುವೈದ್ಯರು ೧೯೨೦ರ ದಶಕದ ಆದಿಯಲ್ಲಿ ಸೆಟೆತದ ಶಿಶುಗಳಿಗೆ ಅಮೋನಿಯಂ ಕ್ಲೋರೈಡನ್ನು, ಎಂದರೆ ನವಸಾಗರವನ್ನು, ಕೊಟ್ಟು ಫಲವನ್ನು ಕಂಡರು. ಆ ಲವಣದ ಅಮೋನಿಯಾಂಶವನ್ನು ಯಕೃತ್ತು ಯೂರಿಯಾ ಆಗಿ ಮಾರ್ಪಡಿಸಲು ಹೈಡ್ರೋಕ್ಲೋರಿಕ್ ಆಮ್ಲವು ರಕ್ತದಲ್ಲಿ ಉಳಿಯುವುದು. ಆ ಔಷಧದಲ್ಲಿ ಕ್ಯಾಲ್ಸಿಯಂ ಲೇಶವೂ ಇಲ್ಲ. ಆದರೂ ಅದು ಇದ್ದ ಕ್ಯಾಲ್ಸಿಯಮ್ಮನ್ನೇ ಬಿಡುಗಡೆಮಾಡಿ ಶಿಶುವನ್ನು ಕಾಪಾಡಿತು.

ಇಂಗ್ಲೆಂಡಿನಲ್ಲಿ ಜೆ. ಬಿ. ಎಸ್. ಹಾಲ್ಡೇನರು ಅದೇ ಕಾಲದಲ್ಲಿ ನವಸಾಗರವನ್ನೂ ಕ್ಯಾಲ್ಸಿಯಂ ಕ್ಲೋರೈಡನ್ನೂ ತಾವೇ ಕುಡಿದು ತಮ್ಮ ದೇಹದಲ್ಲಾದ ಮಾರ್ಪಾಡುಗಳನ್ನು ಅಳೆದರು. ಕ್ಯಾಲ್ಸಿಯಂ ಕ್ಲೋರೈಡಿನಿಂದಲೂ ಅವರ ರಕ್ತವು ಆಮ್ಲದ ಕಡೆಗೆ ವಾಲಿತು. ಕರುಳಿನಲ್ಲಿ ಕ್ಯಾಲ್ಸಿಯಮ್ಮಿನ ಬಹುಭಾಗವು ಕರಗದ ಲವಣವಾಗಿ ಉಳಿದು, ಕ್ಲೋರೈಡ್ ಮಾತ್ರ ರಕ್ತಕ್ಕೆ ಸೇರಿದುದೇ ಇದಕ್ಕೆ ಕಾರಣ. ಈ ಪ್ರಯೋಗದ ತಾತ್ಪರ್ಯವು ದೊಡ್ಡದು. ಕ್ಯಾಲ್ಸಿಯಂ ಕಾರ್ಬೊನೇಟು ಕ್ಷಾರವನ್ನು ತರುವುದು, ಕ್ಯಾಲ್ಸಿಯಂ ಕ್ಲೋರೈಡು ಆಮ್ಲವನ್ನು ತರುವುದು; ಧಾತು ಒಂದೇ ಆದರೂ ಜೊತೆಗಾರನು ಬೇರೆಯಾದರೆ ಮದ್ದೇ ಬೇರೆಯಾಗುವುದು. ಹಾಲ್ಡೇನರು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿ, ಇಲ್ಲಿನ ಪ್ರಜೆಯಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ದಿವಂಗತರಾದರು.

೫. ಹಾಲೂ ಕ್ಷಾರವೂ

ಇತ್ತ ಜಠರವ್ರಣದ ಚಿಕಿತ್ಸೆಯು ಬೇರೊಂದು ಹಾದಿಯಲ್ಲಿ ಸಾಗಿತ್ತು. ೧೯೧೫ರಲ್ಲಿ ಷಿಕಾಗೋವಿನ ಬರ್ಟ್ರಂ ಸಿಪ್ಪಿಯು ಒಂದು ಕ್ರಮವನ್ನು ಪ್ರಕಟಿಸಿದನು. ರೋಗಿಗೆ ಗಂಟೆಗೊಮ್ಮೆ ಹಾಲು ಮತ್ತು ಕೆನೆ. ನಡುನಡುವೆ ಸೋಡಾ, ಮೆಗ್ನೀಷಿಯ, ಸುಣ್ಣದ ಕಾರ್ಬೊನೇಟು ಮುಂತಾದ ಕ್ಷಾರಚೂರ್ಣಗಳು. ಆಮ್ಲವನ್ನು ಹಗಲಿರುಳು ಅಡಗಿಸಿದರೆ ಹುಣ್ಣು ತಾನಾಗಿ ಮಾಯುವುದೆಂಬುದು ಆತನ ಸಿದ್ಧಾಂತ. ನೋವು ಬೇಗನೆ ಶಮನವಾಗುತ್ತಿದ್ದುದರಿಂದ ಈ ಕ್ರಮವು ಅನೇಕ ದಶಕಗಳ ಕಾಲ ನಾನಾ ದೇಶಗಳಲ್ಲಿ ರೂಢಿಯಲ್ಲಿತ್ತು.

೧೯೨೩ರಲ್ಲಿ ಹಾರ್ಟ್ ಮತ್ತು ರಿವರ್ಸ್ ಎಂಬವರು ಈ ಚಿಕಿತ್ಸೆ ಪಡೆಯುತ್ತಿದ್ದ ಕೆಲವರಲ್ಲಿ ಹಾಲಿನ ಮೇಲೆ ಜಿಗುಪ್ಸೆ, ತಲೆನೋವು, ವಾಕರಿಕೆ, ತಲೆಸುತ್ತು ಇವು ಕಾಣಿಸಿಕೊಂಡು ರಕ್ತದಲ್ಲಿ ಯೂರಿಯಾ ಏರುವುದನ್ನು ವರ್ಣಿಸಿದರು. ಕ್ಷಾರವನ್ನು ನಿಲ್ಲಿಸಿದರೆ ರೋಗಿಯು ಚೇತರಿಸಿಕೊಳ್ಳುತ್ತಿದ್ದನು. ಇದು ಕ್ಷಾರಾಧಿಕ್ಯದ ವಿಷವೆಂದಷ್ಟೇ ಆಗ ಗ್ರಹಿಸಲಾಯಿತು. ೧೯೩೬ರಲ್ಲಿ ಕೋಪ್ ಎಂಬ ಆಂಗ್ಲ ವೈದ್ಯನು ಇಂಥವರ ರಕ್ತದಲ್ಲಿ ಕ್ಯಾಲ್ಸಿಯಂ ಕೂಡ ಏರಿರುವುದನ್ನು ಗುರುತಿಸಿದನು. ಕೊನೆಗೆ ೧೯೪೯ರಲ್ಲಿ ಬರ್ನೆಟ್, ಕಾಮನ್ಸ್, ಆಲ್‌ಬ್ರೈಟ್, ಹೊವರ್ಡ್ ಎಂಬ ನಾಲ್ವರು ಆರು ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಬಹುಕಾಲ ಹಾಲನ್ನೂ ಕ್ಷಾರವನ್ನೂ ಸೇವಿಸಿದ ಇವರ ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು, ಮೂತ್ರದಲ್ಲಿ ಮಾತ್ರ ಅದು ಹೆಚ್ಚಾಗಿ ಹೊರಬೀಳುತ್ತಿರಲಿಲ್ಲ, ಮೂತ್ರಪಿಂಡಗಳು ಸೋತಿದ್ದುವು, ಕಣ್ಣಿನ ಪಾರದರ್ಶಕ ಪಟಲ ಮೊದಲಾದೆಡೆಗಳಲ್ಲಿ ಸುಣ್ಣವು ಕೂತಿತ್ತು. ಹುಣ್ಣನ್ನು ಮಾಯಿಸಲು ಕೊಟ್ಟ ಸುಣ್ಣವು ದೇಹದ ಮೃದುಭಾಗಗಳಲ್ಲಿ ಕಲ್ಲಾಗಿ ಕೂಡಿಕೊಂಡಿತ್ತೆಂದು ಹೇಳಬಹುದು.

೬. ಕ್ಷಾರದ ಎರಡು ಮುಖಗಳು

ಇಲ್ಲಿ ಒಂದು ವಿರೋಧಾಭಾಸವು ತಲೆದೋರುವುದು. ಮೊದಲಿನ ಪ್ರಯೋಗಗಳಲ್ಲಿ ಕ್ಷಾರವು ಕ್ಯಾಲ್ಸಿಯಮ್ಮಿನ ಬಲವನ್ನು ಕುಗ್ಗಿಸಿತು. ಬರ್ನೆಟನ ರೋಗಿಗಳಲ್ಲಿ ಅದೇ ಕ್ಷಾರವು ಕ್ಯಾಲ್ಸಿಯಮ್ಮನ್ನು ಅತಿಯಾಗಿ ಏರಿಸಿತು. ಈ ಭೇದಕ್ಕೆ ಕಾರಣ ಕಾಲ. ಪ್ರೋಟೀನಿಗೆ ಅಂಟುವ ಕ್ರಿಯೆಯು ಕ್ಷಣಮಾತ್ರದಲ್ಲಿ ನಡೆಯುವುದು. ಮೂತ್ರಪಿಂಡದ ಕ್ರಿಯೆಯು ದಿನಗಳಲ್ಲಿ, ವಾರಗಳಲ್ಲಿ ನಡೆಯುವುದು.

ಕ್ಷಾರಾಧಿಕ್ಯವಿದ್ದಾಗ ಮೂತ್ರಪಿಂಡದ ಸೂಕ್ಷ್ಮನಾಳಗಳು ಕ್ಯಾಲ್ಸಿಯಮ್ಮನ್ನು ಮೂತ್ರಕ್ಕೆ ಬಿಡದೆ ಹೆಚ್ಚಾಗಿ ಹಿಂದೆಳೆದುಕೊಳ್ಳುತ್ತವೆ. ಹೊರಗಿನಿಂದ ಕ್ಯಾಲ್ಸಿಯಂ ಬರುತ್ತಲೇ ಇದ್ದರೆ ರಕ್ತದಲ್ಲಿ ಅದು ಏರುವುದು. ಏರಿದ ಕ್ಯಾಲ್ಸಿಯಂ ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರಕ್ಕೆ ತಳ್ಳುವುದು, ದೇಹವು ಒಣಗುವುದು, ವಾಂತಿಯಾದರೆ ಮತ್ತಷ್ಟು ಒಣಗುವುದು. ಒಣಗಿದ ದೇಹದ ಮೂತ್ರಪಿಂಡಕ್ಕೆ ರಕ್ತವು ಸಾಲದಾಗಿ ಸೋಸುವ ಶಕ್ತಿ ಕುಂದುವುದು. ಆಗ ಕ್ಷಾರವೂ ಹೊರಗೆ ಹೋಗಲಾರದು. ಉಳಿದ ಕ್ಷಾರವು ಮತ್ತೆ ಕ್ಯಾಲ್ಸಿಯಮ್ಮನ್ನು ಹಿಡಿದಿಡುವುದು. ಕ್ಯಾಲ್ಸಿಯಂ ಕ್ಷಾರವನ್ನೂ ಕ್ಷಾರವು ಕ್ಯಾಲ್ಸಿಯಮ್ಮನ್ನೂ ಹೀಗೆ ಒಂದನ್ನೊಂದು ಸೆರೆಹಿಡಿಯುವ ಚಕ್ರವು ಏರ್ಪಡುವುದು. ಮದ್ದನ್ನು ನಿಲ್ಲಿಸಿ ಲವಣದ್ರವವನ್ನು ಕೊಟ್ಟಲ್ಲಿ ಈ ಚಕ್ರವು ಮುರಿಯುವುದು. ಕಾಲ ಮೀರಿದ್ದರೆ ಮೂತ್ರಪಿಂಡದ ಹಾನಿಯು ಉಳಿದುಬಿಡುವುದು.

ಆಮ್ಲವು ಇದಕ್ಕೆ ವಿಪರೀತವಾಗಿ ವರ್ತಿಸುತ್ತದೆ. ಅದು ತತ್ಕ್ಷಣದಲ್ಲಿ ಸ್ವತಂತ್ರ ಕ್ಯಾಲ್ಸಿಯಮ್ಮನ್ನು ಹೆಚ್ಚಿಸುವುದು; ದೀರ್ಘಕಾಲದಲ್ಲಿ ಎಲುಬನ್ನು ಕರಗಿಸಿ ಮೂತ್ರದ ಮೂಲಕ ಕ್ಯಾಲ್ಸಿಯಮ್ಮನ್ನು ನಷ್ಟಪಡಿಸುವುದು. ಆದುದರಿಂದಲೇ ನವಸಾಗರದ ಚಿಕಿತ್ಸೆಯು ಅಲ್ಪಕಾಲದ ಉಪಾಯವಾಗಿ ಮಾತ್ರ ನಿಂತಿತು.

೭. ಮರೆತ ವ್ಯಾಧಿಯ ಪುನರಾಗಮನ

ಹುಣ್ಣಿನ ರೋಗವು ಕನ್ನಡನಾಡಿಗೆ ಅಪರಿಚಿತವಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೫೦–೬೦ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ ಎಂಬವರು, ಅನ್ನವೇ ಮುಖ್ಯಾಹಾರವಾದ ದಕ್ಷಿಣದ ಸೀಮೆಗಳಲ್ಲಿ ಈ ರೋಗವು ಗೋದಿಯುಣ್ಣುವ ಉತ್ತರದ ಸೀಮೆಗಳಿಗಿಂತ ಅಧಿಕವೆಂದು ತಮ್ಮ ಸಂಶೋಧನೆಗಳಲ್ಲಿ ಪ್ರತಿಪಾದಿಸಿದರು. ೧೯೭೬ರಲ್ಲಿ ಸಿಮೆಟಿಡಿನ್ ಎಂಬ ಆಮ್ಲನಿರೋಧಕ ಔಷಧವು ಬಂದುದರಿಂದಲೂ, ಹುಣ್ಣಿಗೆ ಸೂಕ್ಷ್ಮಾಣುವೊಂದು ಕಾರಣವೆಂದು ವಾರನ್ ಮತ್ತು ಮಾರ್ಷಲ್ ೧೯೮೦ರ ದಶಕದಲ್ಲಿ ತೋರಿಸಿದುದರಿಂದಲೂ ಸಿಪ್ಪಿಯ ಕ್ರಮವು ಮೂಲೆಗೆ ಸೇರಿತು. ಅದರೊಡನೆ ಹಾಲು–ಕ್ಷಾರವ್ಯಾಧಿಯೂ ಇತಿಹಾಸಕ್ಕೆ ಸೇರಿತೆಂದು ವೈದ್ಯರು ಭಾವಿಸಿದರು.

ಆದರೆ ಎಲುಬಿನ ಸವೆತವನ್ನು ತಡೆಯಲು ಕ್ಯಾಲ್ಸಿಯಂ ಕಾರ್ಬೊನೇಟಿನ ಮಾತ್ರೆಗಳು ಮನೆಮನೆಗೂ ಬಂದ ಮೇಲೆ ಅದೇ ವ್ಯಾಧಿಯು ಮತ್ತೆ ತಲೆಯೆತ್ತಿತು. ಅಂಥ ಮಾತ್ರೆಯ ೧,೨೫೦ ಮಿಲಿಗ್ರಾಮಿನಲ್ಲಿ ೫೦೦ ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು. ಉಳಿದುದು ಕ್ಷಾರವನ್ನು ಒದಗಿಸುವ ಭಾಗ. ಹಾಲಿಲ್ಲದೆಯೂ ರೋಗವು ಬರುವುದರಿಂದ ೨೦೧೦ರಲ್ಲಿ ಪಟೇಲ್ ಮತ್ತು ಗೋಲ್ಡ್‌ಫಾರ್ಬ್ ಎಂಬವರು ಇದಕ್ಕೆ ಕ್ಯಾಲ್ಸಿಯಂ–ಕ್ಷಾರವ್ಯಾಧಿಯೆಂಬ ಹೆಸರನ್ನು ಸೂಚಿಸಿದರು. ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಜಾತಿಯ ಮದ್ದುಗಳು ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ತಡೆದು, ಕ್ಷಾರಾಧಿಕ್ಯವನ್ನೂ ಉಂಟುಮಾಡುವುದರಿಂದ, ಅವುಗಳೊಡನೆ ಈ ಮಾತ್ರೆಗಳು ಸೇರಿದಾಗ ಅಪಾಯವು ಇಮ್ಮಡಿಸುವುದು. ವೃದ್ಧರಲ್ಲಿಯೂ ಮೂತ್ರಪಿಂಡದ ಶಕ್ತಿ ಕುಂದಿದವರಲ್ಲಿಯೂ ಇದು ವಿಶೇಷವಾಗಿ ಗಮನಿಸಬೇಕಾದ ವಿಷಯ.

ಕೋಟೇಶ್ವರದಂತಹ ಊರುಗಳಿಗೆ ಇನ್ನೂ ಸಮೀಪವಾದ ನಿದರ್ಶನವು ತೈವಾನ್ ದ್ವೀಪದಿಂದ ಬಂದಿದೆ. ಅಲ್ಲಿಯೂ ಅಡಕೆಯನ್ನು ಕಡಲಚಿಪ್ಪಿನ ಸುಣ್ಣದೊಡನೆ ಅಗಿಯುವ ರೂಢಿಯುಂಟು. ಅಂಥ ಸೇವನೆಯಿಂದ ರಕ್ತದಲ್ಲಿ ಕ್ಯಾಲ್ಸಿಯಮ್ಮೂ ಕ್ಷಾರವೂ ಏರಿ ಮೂತ್ರಪಿಂಡವು ಸೋತ ಪ್ರಸಂಗವು ೧೯೯೬ರಲ್ಲಿ ಅಲ್ಲಿನ ವೈದ್ಯರಿಂದ ವರದಿಯಾಯಿತು. ೨೦೦೨ರಲ್ಲಿ ಅದರ ಕಾರ್ಯಕಾರಣಸಂಬಂಧವನ್ನು ವಿಮರ್ಶಿಸುವ ಮತ್ತೊಂದು ಲೇಖನವು ಬಂದಿತು. ಅರಳಿದ ಸುಣ್ಣದ ತೂಕದಲ್ಲಿ ಶೇಕಡ ೫೪ರಷ್ಟು ಕ್ಯಾಲ್ಸಿಯಂ ಇರುವುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಮಿತವಾಗಿ ಕವಳ ಹಾಕುವವನ ಎಲೆಗೆ ಬೀಳುವ ಸುಣ್ಣವು ಅತ್ಯಲ್ಪ. ಆರೋಗ್ಯವುಳ್ಳ ಮೂತ್ರಪಿಂಡವು ಅದನ್ನು ಸುಲಭವಾಗಿ ಹೊರಹಾಕುವುದು. ಅಪಾಯವಿರುವುದು ದಿನವಿಡೀ ಅಗಿಯುವವನಿಗೆ, ಅದರೊಡನೆ ಮಾತ್ರೆಗಳನ್ನೂ ಸೇವಿಸುವವನಿಗೆ. ಅಡಕೆಯೇ ಕ್ಯಾನ್ಸರ್‌ಕಾರಕವೆಂದು ೨೦೦೪ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯ ತಜ್ಞರು ನಿರ್ಣಯಿಸಿರುವುದು ಬೇರೆಯೇ ಆದ, ಇದಕ್ಕಿಂತ ಹೆಚ್ಚಿನ, ಭಯಕಾರಣವಾಗಿದೆ.

೮. ಉಪಸಂಹಾರ

ಮೇಲಿನ ವೃತ್ತಾಂತದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕ್ಯಾಲ್ಸಿಯಮ್ಮನ್ನು ಅರಿತವರು ಕ್ಷಾರವನ್ನೂ, ಕ್ಷಾರವನ್ನು ಅರಿತವರು ಕ್ಯಾಲ್ಸಿಯಮ್ಮನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಷ್ಟು ಕಾಲ ರೋಗದ ನಿಜವಾದ ಕಾರಣವು ಮರೆಯಾಗಿಯೇ ಇದ್ದಿತು. ೧೯೧೫ರಿಂದ ೧೯೪೯ರ ವರೆಗಿನ ೩೪ ವರ್ಷಗಳು ಇದಕ್ಕೆ ಸಾಕ್ಷಿ. ಎರಡನೆಯದಾಗಿ, ರಕ್ತಪರೀಕ್ಷೆಯಲ್ಲಿ ಕಾಣುವ ಕ್ಯಾಲ್ಸಿಯಮ್ಮಿನ ಒಟ್ಟು ಅಂಕಿಯೊಂದರಿಂದಲೇ ನಿರ್ಣಯ ಮಾಡಲಾಗದು. ಅದರಲ್ಲಿ ಸ್ವತಂತ್ರವಾದುದೆಷ್ಟು, ರಕ್ತವು ಆಮ್ಲದ ಕಡೆಗೋ ಕ್ಷಾರದ ಕಡೆಗೋ, ಮೂತ್ರಪಿಂಡದ ಶಕ್ತಿ ಎಷ್ಟು, ರೋಗಿಯು ಬೇರೆ ಯಾವ ಮದ್ದನ್ನು ಸೇವಿಸುತ್ತಿದ್ದಾನೆ ಎಂಬ ನಾಲ್ಕನ್ನೂ ಕೂಡಿಸಿ ವಿಚಾರಿಸಬೇಕು.

ಸೇವಿಸುವ ಮದ್ದುಗಳ ಪಟ್ಟಿಯನ್ನು ರೋಗಿಯು ಹೇಳುವಾಗ ಹೊಟ್ಟೆಯುರಿಗೆ ಅಂಗಡಿಯಿಂದ ತಂದ ಮಾತ್ರೆಯೂ, ಮೊಣಕಾಲುನೋವಿಗೆ ತೆಗೆದುಕೊಳ್ಳುವ ಕ್ಯಾಲ್ಸಿಯಮ್ಮೂ, ಶಂಖಭಸ್ಮವೂ, ಡಬ್ಬಿಯಲ್ಲಿನ ಸುಣ್ಣವೂ ಅವನ ಎಣಿಕೆಗೆ ಬರುವುದು ಅಪೂರ್ವ. ಅವು ಮದ್ದೆಂಬ ಭಾವನೆಯೇ ಇರುವುದಿಲ್ಲ. ಅವುಗಳನ್ನು ಕೇಳಿ ತಿಳಿಯುವುದು ವೈದ್ಯನ ಕರ್ತವ್ಯವಾಗಿದೆ. ಅಳಿವೆಯ ಚಿಪ್ಪಿನಲ್ಲಿಯೂ ಮನುಷ್ಯನ ರಕ್ತದಲ್ಲಿಯೂ ಇರುವ ಧಾತು ಒಂದೇ. ಅದು ಪೋಷಕವಾಗುವುದೋ ಘಾತಕವಾಗುವುದೋ ಎಂಬುದನ್ನು ಅದರ ತೂಕದಷ್ಟೇ ಅದರೊಡನೆ ಬರುವ ಆಮ್ಲ ಕ್ಷಾರಗಳೂ ನಿರ್ಧರಿಸುತ್ತವೆ.